ಹೋರೇಸನ ಹಲ್ಲು, ಎಡ್ನಾಳ ಕಿಟಕಿ

ಈ ಕಥೆ ಹೇಳುವ ಯೋಗ್ಯತೆ ನನಗಿಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಕಿಟಕಿಯ ವಿಷಯ ನನಗೆ ಗೊತ್ತಿಲ್ಲ. ಹಲ್ಲಿನ ವಿಷಯ ಅದಕ್ಕಿಂತ ಕಡಿಮೆ ಗೊತ್ತು. ಮದುವೆಯಂತೂ ಆಗೇ ಇಲ್ಲ. ಕಥೆಯಲ್ಲಿರುವುದು ಇವು ಮೂರೇ. ಮೇಲಾಗಿ ಕಥಾನಾಯಕ ಹೋರೇಸ್ ಗ್ರಿಮ್‌ಶಾ ನನ್ನ ಪಕ್ಕದ ಮನೆಯವನು. ನಮ್ಮಿಬ್ಬರ ನಡುವಿನ ಗೋಡೆ ಎಷ್ಟು ತೆಳುವೆಂದರೆ, ಈಗ ಈ ಸಾಲು ಬರೆಯುವಾಗ ಅವನು ಆ ಕಡೆ ಸೀನಿದ, ನಾನು ಈ ಕಡೆಯಿಂದ "ದೇವರು ಕಾಪಾಡಲಿ" ಅಂದೆ, ಅವನು "ಥ್ಯಾಂಕ್ಸ್, ಆರ್ನಲ್ಡ್" ಅಂದ. ಇಂಥವನ ಬಗ್ಗೆ ಬರೆಯುವುದು ಸಭ್ಯತೆಯೇ ಎಂದು ಕಥೆ ಬರೆಯಲು ಕಲಿಸುವ ಸಂಜೆ ತರಗತಿಯ ಮೇಷ್ಟ್ರನ್ನು ಕೇಳಿದೆ. "ಮೊದಲು ಬರಿ, ಆಮೇಲೆ ಮನೆ ಬದಲಾಯಿಸು" ಅಂದರು. ಬರೆಯುತ್ತಿದ್ದೇನೆ. ಮನೆ ಬದಲಾಯಿಸುವಷ್ಟು ಅನುಕೂಲ ನನಗಿಲ್ಲ.

ಲ್ಯಾಂಕಶೈರ್‌ನ ನಮ್ಮ ಬೀದಿಯ ಮನೆಗಳು ಒಂದರ ಭುಜಕ್ಕೆ ಒಂದು ತಾಗಿಕೊಂಡು ನಿಂತಿವೆ. ಎಲ್ಲವಕ್ಕೂ ಹೊಟ್ಟೆ ಬಂದಿದೆ. ಹೊಟ್ಟೆ ಎಂದರೆ ಕಿಟಕಿ. ಮುಂದಿನ ಕೋಣೆಯ ಗೋಡೆಯಿಂದ ಬೀದಿಯ ಕಡೆಗೆ ಮೂರು ಮುಖವಾಗಿ ಉಬ್ಬಿಕೊಂಡಿರುವ ದೊಡ್ಡ ಮರದ ಕಿಟಕಿ. ಬೇ ವಿಂಡೋ ಎಂದು ಅದರ ಹೆಸರು. ಅದರೊಳಗೆ ಕುರ್ಚಿ ಹಾಕಿ ಕೂತರೆ ಬೀದಿಯ ಎರಡೂ ತುದಿ ಕಾಣುತ್ತದೆ, ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬುದಕ್ಕೆ ಎದ್ದು ನಿಲ್ಲಬೇಕಾಗಿಲ್ಲ. ಕಟ್ಟಿಸಿದವರ ಕಾಲಕ್ಕೆ ಅದು ಅಂತಸ್ತು. ನಮ್ಮ ಕಾಲಕ್ಕೆ ಅದು ಗಾಳಿ ಒಳಗೆ ಬರುವ ಹೆಬ್ಬಾಗಿಲು.

ಗ್ರಿಮ್‌ಶಾ ಮನೆಯ ಕಿಟಕಿಯ ಸ್ಥಿತಿ ಬೀದಿಗೆಲ್ಲ ಕೆಟ್ಟದ್ದು. ಚೌಕಟ್ಟಿನ ಮರಕ್ಕೆ ಬೆರಳು ಚುಚ್ಚಿದರೆ ಕೇಕಿಗೆ ಚುಚ್ಚಿದಂತೆ ಒಳಗೆ ಹೋಗುತ್ತಿತ್ತು. ಹೋರೇಸನ ಹೆಂಡತಿ ಎಡ್ನಾ ಸಂದಿಗಳಿಗೆಲ್ಲ ಹಳೆಯ ಪತ್ರಿಕೆ ತುರುಕಿದ್ದಳು. ಕಿಟಕಿಯ ಬುಡಕ್ಕೆ ಅಡ್ಡಲಾಗಿ, ಗಾಳಿ ತಡೆಯಲೆಂದು, ಮರದ ಹೊಟ್ಟು ತುಂಬಿದ ಉದ್ದನೆಯ ಬಟ್ಟೆನಾಯಿಯೊಂದನ್ನು ಮಲಗಿಸಿದ್ದಳು. ಅದರ ಹೆಸರು ಕರ್ನಲ್. ಚಳಿಗಾಲದಲ್ಲಿ ಕರ್ನಲ್‌ನ ಕಿವಿ ತಾನಾಗಿ ಅಲ್ಲಾಡುತ್ತಿತ್ತು.

ಎಡ್ನಾಳ ಅಕ್ಕ ವಿನಿಫ್ರೆಡ್ ಗುಡ್ಡದ ಮೇಲಿನ ಹೊಸ ಬಡಾವಣೆಯಲ್ಲಿದ್ದಳು. ಪ್ರತಿ ಕ್ರಿಸ್‌ಮಸ್ ದಿನ ಮಧ್ಯಾಹ್ನದ ಟೀಗೆ ತಂಗಿಯ ಮನೆಗೆ ಬರುವುದು ವಾಡಿಕೆ. ಬಂದವಳು ಕೋಟು ಬಿಚ್ಚುತ್ತಿರಲಿಲ್ಲ. ಒಂಟೆ ಬಣ್ಣದ, ಕೊರಳಿಗೆ ತುಪ್ಪಳದ ಪಟ್ಟಿ ಇರುವ ಕೋಟು. ಆ ವರ್ಷ ಕೈಗವಸನ್ನೂ ಬಿಚ್ಚದೆ ಮಿನ್ಸ್ ಪೈ ಎಂಬ ಹಬ್ಬದ ಸಿಹಿ ತಿಂಡಿ ಎತ್ತಿಕೊಂಡು ಕಚ್ಚಿದಳು.

"ಕೋಟು ಕೊಡೇ ವಿನ್ನಿ, ಒಳಗೆ ನೇತು ಹಾಕ್ತೀನಿ" ಅಂದಳು ಎಡ್ನಾ.

"ಇರ್ಲಿ ಬಿಡೇ. ನಿಮಗಾದ್ರೆ ಅಭ್ಯಾಸ" ಅಂದಳು ವಿನಿಫ್ರೆಡ್.

ಅಕ್ಕ ಹೋದ ಮೇಲೆ ಎಡ್ನಾ ತಟ್ಟೆ ತೊಳೆಯಲಿಲ್ಲ. ಅದರಲ್ಲೇ ಗೊತ್ತಾಯಿತು ವಿಷಯ ಗಂಭೀರವೆಂದು. ಗೋಡೆಯಾಚೆಯಿಂದ ನಾನು ಕೇಳಿಸಿಕೊಂಡ ಮಾತು ಇದು:

"ಮುಂದಿನ ಕ್ರಿಸ್‌ಮಸ್ಸಿಗೆ ವಿನ್ನಿ ಈ ಕೋಣೇಲಿ ಕೋಟು ಬಿಚ್ಚಬೇಕು, ಹೋರೇಸ್. ಬಿಚ್ಚಲಿಲ್ಲವೋ, ಅದರ ಮುಂದಿನ ಕ್ರಿಸ್‌ಮಸ್ಸಿಗೆ ನಾನು ಅವಳ ಮನೇಲಿರ್ತೀನಿ. ನೀನು ಕರ್ನಲ್ ಜೊತೆ ಹಬ್ಬ ಮಾಡ್ಕೋ."

"ಆಯ್ತು, ಎಡ್ನಾ" ಅಂದ ಹೋರೇಸ್. ಅವನು ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ಹುಟ್ಟಿದಾಗಿನಿಂದ ಯಾರಿಗೂ ಇಲ್ಲವೆಂದವನಲ್ಲ.

ಇಲ್ಲಿ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ನಮ್ಮ ಕಡೆ ಬಡಗಿಯಾಗಲಿ, ಗಾರೆಯವನಾಗಲಿ ಬೆಲೆ ಹೇಳುವ ಮುಂಚೆ ಹಲ್ಲಿನ ಸಂದಿಯಿಂದ ಉಸಿರನ್ನು ಒಳಗೆಳೆಯುತ್ತಾನೆ. ಸ್ಸ್ಸ್ಸ್. ಅದರ ಅರ್ಥ ಇಷ್ಟು: ಇದು ಸುಲಭದ ಕೆಲಸವಲ್ಲ, ಹಿಂದೆ ಮಾಡಿದವನು ಕತ್ತೆ, ನೀವು ಕೂತುಕೊಂಡರೆ ಒಳ್ಳೆಯದು. ಆ ಉಸಿರು ಕೆಲಸದವನ ಹಕ್ಕು. ಚರ್ಚಿನಲ್ಲಿ ಪಾದ್ರಿ ಇರುವಾಗ ಬೆಂಚಿನಲ್ಲಿ ಕೂತವರು ಎದ್ದು ಪ್ರವಚನ ಮಾಡುವುದಿಲ್ಲ. ಹಾಗೆಯೇ ಗಿರಾಕಿ ಆ ಉಸಿರು ಎಳೆಯುವುದಿಲ್ಲ.

ಹೋರೇಸ್ ಎಳೆದ. ಬೇಕೆಂದು ಎಳೆದದ್ದಲ್ಲ. ಅವನ ಬಲ ದವಡೆಯ ಕೊನೆಯ ಹಲ್ಲು ಹುಳುಕಾಗಿತ್ತು. ತಣ್ಣನೆಯ ಗಾಳಿ ತಾಗಿದರೆ ಪ್ರಾಣ ಹೋಗುವ ನೋವು. ಈ ಸಂಗತಿ ಎಡ್ನಾಳಿಗೆ ಗೊತ್ತಾದರೆ ಕಿವಿ ಹಿಡಿದು ದಂತವೈದ್ಯರ ಹತ್ತಿರ ಎಳೆದುಕೊಂಡು ಹೋಗುತ್ತಾಳೆಂದು ಅವನು ಬಾಯಿ ಬಿಟ್ಟಿರಲಿಲ್ಲ. ದಂತವೈದ್ಯರ ಫಲಕವಿರುವ ರಸ್ತೆ ತಪ್ಪಿಸಲು ಅವನು ಕೆಲಸಕ್ಕೆ ಎರಡು ಬಸ್ಸು ಬದಲಾಯಿಸಿ ಹೋಗುತ್ತಿದ್ದ. ನನಗೆ ಮಾತ್ರ ಗೊತ್ತಿತ್ತು. ಗೋಡೆ ತೆಳು ಎಂದೆನಲ್ಲ.

ಮೊದಲು ಬಂದವನು ಲೋಮಾಕ್ಸ್ ಎಂಬ ಕಿಟಕಿ ಕಂಪನಿಯ ಮಾರಾಟಗಾರ. ಮಿರಮಿರ ಮಿಂಚುವ ಸೂಟು, ಕೈಯಲ್ಲಿ ಕಿಟಕಿಯ ಒಂದು ಮೂಲೆಯ ಮಾದರಿ. ನಾನು ಬೇಲಿ ಕತ್ತರಿಸುವ ಕತ್ತರಿ ವಾಪಸು ಕೊಡಲು ಹೋಗಿದ್ದವನು. "ಕೂತ್ಕೋ ಆರ್ನಲ್ಡ್, ಓದಿದವರು ಒಬ್ಬರು ಇರಲಿ" ಎಂದು ಎಡ್ನಾ ಕೂರಿಸಿದಳು. ಕತ್ತರಿ ತೊಡೆಯ ಮೇಲಿಟ್ಟುಕೊಂಡೇ ಕೂತೆ. ಲೋಮಾಕ್ಸ್ ಆಗಾಗ ಅದನ್ನು ನೋಡುತ್ತಿದ್ದ.

"ಸಾರ್, ನೀವು ಇಲ್ಲಿ ಕೂತ್ಕೊಳ್ಳಿ" ಎಂದು ಅವನು ಹೋರೇಸನನ್ನು ಕಿಟಕಿಯ ಪಕ್ಕದಲ್ಲೇ ಕೂರಿಸಿದ. ಗಾಳಿ ಎಷ್ಟು ಬರುತ್ತದೆಂದು ಗಿರಾಕಿಗೆ ಮನದಟ್ಟಾಗಲಿ ಎಂಬುದು ಅವನ ಉಪಾಯ. ಲೈಟರ್ ಹಚ್ಚಿ ಸಂದಿಯ ಹತ್ತಿರ ಹಿಡಿದ. ಆರಿಹೋಯಿತು. "ನೋಡಿದ್ರಾ ಮೇಡಂ? ಇದು ಕಿಟಕಿ ಅಲ್ಲ, ಇದು ಜರಡಿ. ಹಳೇದನ್ನ ಕಿತ್ತು, ಎರಡು ಪದರದ ಗಾಜು ಹಾಕಿ, ಕೂರಿಸಿ, ಬಣ್ಣ ಬಳಿದು, ಎಲ್ಲಾ ಸೇರಿ ಎರಡು ಸಾವಿರದ ಇನ್ನೂರು ಪೌಂಡ್."

ಆ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ ಗಾಳಿ ಬೀಸಿತು. ಕರ್ನಲ್‌ನ ಕಿವಿ ಎದ್ದಿತು.

"ಸ್ಸ್ಸ್ಸ್" ಅಂದ ಹೋರೇಸ್.

ಲೋಮಾಕ್ಸ್ ಅವನನ್ನೇ ನೋಡಿದ. ಒಂದು ನಾಯಿ ಬೆಕ್ಕಿನ ಭಾಷೆಯಲ್ಲಿ ಮಾತಾಡಿದರೆ ಬೆಕ್ಕು ಹೇಗೆ ನೋಡೀತೋ ಹಾಗೆ.

"ಅದು ಪಟ್ಟಿ ಬೆಲೆ ಸಾರ್! ಪಟ್ಟಿ ಬೆಲೆ ಯಾರು ಕೊಡ್ತಾರೆ? ನಿಮ್ಮಂಥೋರಿಗೆ ಸಾವಿರದ ಎಂಟುನೂರು."

"ಸ್ಸ್ಸ್ಸ್."

"ಮ್ಯಾನೇಜರನ್ನ ಕೇಳಬೇಕು. ನಿಮ್ಮ ಫೋನ್ ಬಳಸ್ಲಾ?" ಎಂದು ಎದ್ದು ಹೋಗಿ ಯಾರ ಜೊತೆಗೋ ಜಗಳವಾಡಿ ಬಂದ. "ಸಾವಿರದ ನಾನೂರು. ಇವತ್ತೇ ಸಹಿ ಮಾಡಿದ್ರೆ ಮಾತ್ರ."

ಹೋರೇಸ್‌ಗೆ ನೋವು ತಡೆಯಲಾಗಲಿಲ್ಲ. ಬಿಸಿ ತಾಗಿದರೆ ಶಮನವಾದೀತೆಂದು ಟೀ ಬಾಯಿಗೆ ಹಾಕಿಕೊಂಡ. ಹುಳುಕು ಹಲ್ಲಿಗೆ ಬಿಸಿಯೂ ಆಗದೆಂದು ಅವನಿಗೆ ಆಗ ತಿಳಿಯಿತು. ಈ ಸಲ ಉಸಿರು ಎಷ್ಟು ಉದ್ದ ಎಳೆದನೆಂದರೆ ಪರದೆ ಒಳಗೆ ಬಾಗಿತು. ಕಣ್ಣಲ್ಲಿ ನೀರು ಬಂತು.

"ಸಾರ್, ನೀವು ಅಳಬೇಡಿ, ನಾನು ಅಳ್ತೀನಿ" ಅಂದ ಲೋಮಾಕ್ಸ್. "ಒಂಬೈನೂರು. ಇದಕ್ಕಿಂತ ಇಳಿದ್ರೆ ಕಿಟಕಿ ನಾನೇ ನನ್ನ ಮನೆಯಿಂದ ಕಿತ್ಕೊಂಡು ಬರಬೇಕು."

"ತುಂಬಾ ಒಳ್ಳೇದು. ಯೋಚನೆ ಮಾಡ್ತೀವಿ" ಅಂದ ಹೋರೇಸ್, ದವಡೆ ಹಿಡಿದುಕೊಂಡು. ನಮ್ಮ ದೇಶದಲ್ಲಿ ಮುಖ ನೋಡಿ ಬೇಡ ಅನ್ನುವುದಿಲ್ಲ. ಬೇಕು ಅನ್ನುವುದಕ್ಕೂ ಸ್ವಲ್ಪ ನಾಚಿಕೆಯೇ.

ಲೋಮಾಕ್ಸ್ ಮಾದರಿಯ ಮೂಲೆಯನ್ನು ಎದೆಗವಚಿಕೊಂಡು ಹೊರಟುಹೋದ. ಬಾಗಿಲು ಮುಚ್ಚಿದ ಮೇಲೆ ಎಡ್ನಾ ಗಂಡನನ್ನು ಹೊಸ ದೃಷ್ಟಿಯಿಂದ ನೋಡಿದಳು.

"ಹೋರೇಸ್! ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ?"

ಇಲ್ಲಿ ಹೋರೇಸ್ ನಿಜ ಹೇಳಬಹುದಿತ್ತು. ಆದರೆ ಹೆಂಡತಿ ಅಂಥ ಕಣ್ಣಿನಿಂದ ಅವನನ್ನು ನೋಡಿದ್ದು ಅವನಿಗೆ ನೆನಪಿರುವಂತೆ ಅದೇ ಮೊದಲು. ಹೆಬ್ಬೆರಳುಗಳನ್ನು ವೇಸ್ಟ್‌ಕೋಟಿನ ಜೇಬಿಗೆ ಸಿಕ್ಕಿಸಿಕೊಂಡು, "ಇಂಥೋರ ಹತ್ತಿರ ಹೇಗಿರಬೇಕು ಅಂತ ಗೊತ್ತಿರಬೇಕು, ಅಷ್ಟೇ" ಅಂದ.

ಎದುರುಮನೆಯ ಮಿಸೆಸ್ ಕ್ಲೆಗ್ ತಮ್ಮ ಕಿಟಕಿಯ ಹೊಟ್ಟೆಯಲ್ಲಿ ಕೂತು ಎಲ್ಲವನ್ನೂ ನೋಡಿದ್ದರು. ಬೀದಿಯ ಸುದ್ದಿಗೆ ಪತ್ರಿಕೆಗಿಂತ ಅವರೇ ಬೇಗ. ಮಾರನೆಯ ದಿನವೇ ಬಂದರು.

"ಮಿಸ್ಟರ್ ಗ್ರಿಮ್‌ಶಾ, ನನ್ನ ಹಿಂಬಾಗಿಲು ಹೊಸದು ಮಾಡಿಸ್ಬೇಕು. ಬೆಲೆ ಹೇಳೋಕೆ ಒಬ್ಬ ಬರ್ತಾನೆ. ನೀವು ಸುಮ್ನೆ ಬಂದು ಕೂತ್ಕೊಂಡು ಒಂದು ಸಲ ಉಸಿರೆಳೀರಿ. ಹೆಚ್ಚೇನೂ ಬೇಡ."

ಹೋದ. ಆದರೆ ಮಿಸೆಸ್ ಕ್ಲೆಗ್ ಮನೆ ಬೆಚ್ಚಗಿತ್ತು, ಗ್ಯಾಸ್ ಒಲೆ ಉರಿಯುತ್ತಿತ್ತು, ಹಲ್ಲು ಮಲಗಿಬಿಟ್ಟಿತ್ತು. ಬಾಗಿಲಿನವನು ಬೆಲೆ ಹೇಳಿದ. ಎಲ್ಲರೂ ಹೋರೇಸನ ಬಾಯಿ ನೋಡಿದರು. ಹೋರೇಸ್ ನೋವಿಲ್ಲದೆ ಎಳೆಯಲು ಪ್ರಯತ್ನಪಟ್ಟ. ಸಿಳ್ಳೆ ಬಂತು. ಬಾಗಿಲಿನವನು "ನಿಮ್ಮ ಕೆಟಲ್ ಕುದೀತಾ ಇದೆ ಅನ್ಸುತ್ತೆ" ಅಂದ. ಮಿಸೆಸ್ ಕ್ಲೆಗ್ ಪಾಪ ಒಳಗೆ ಹೋಗಿ, ಕೆಟಲ್ ಕುದಿಯದಿರುವುದನ್ನು ಕಂಡು, ಬರಿಗೈಯಲ್ಲಿ ಬರಬಾರದೆಂದು ಎಲ್ಲರಿಗೂ ಐಸ್‌ಕ್ರೀಮ್ ತಂದುಕೊಟ್ಟರು.

ಮೊದಲ ಚಮಚೆಗೇ ಬಾಗಿಲಿನ ಬೆಲೆ ಅರ್ಧವಾಯಿತು.

ಹೋರೇಸ್ ಪೆದ್ದನಿರಬಹುದು, ಆದರೆ ಅನುಭವದಿಂದ ಪಾಠ ಕಲಿಯದವನಲ್ಲ. ಅಂದಿನಿಂದ ಜೇಬಿನಲ್ಲಿ ಖಾರವಾದ ಪೆಪ್ಪರ್‌ಮಿಂಟ್ ಪೊಟ್ಟಣ ಇಟ್ಟುಕೊಳ್ಳತೊಡಗಿದ. ಬೆಲೆ ಹೇಳುವ ಹೊತ್ತಿಗೆ ಒಂದನ್ನು ಬಾಯಿಗೆ ಹಾಕಿಕೊಂಡು ಬಲಕ್ಕೆ ಸರಿಸುತ್ತಿದ್ದ. ನೋವು ಬರುತ್ತಿತ್ತು, ಉಸಿರು ಹೋಗುತ್ತಿತ್ತು, ಬೆಲೆ ಇಳಿಯುತ್ತಿತ್ತು. ಚಾವಣಿ, ಚರಂಡಿ, ಕಾರ್ಪೆಟ್ಟು, ಯಾವುದಕ್ಕೂ ಅವನನ್ನೇ ಕರೆದರು. ಪಾದ್ರಿಗಳು ಚರ್ಚನ್ನು ಬೆಚ್ಚಗಿಡುವ ಬಾಯ್ಲರ್ ತೋರಿಸಲು ಕರೆದುಕೊಂಡು ಹೋದರು. ದೇವರ ಮನೆಯಲ್ಲಿ ಎಳೆದ ಆ ಉಸಿರು ಕಮಾನುಗಳಲ್ಲಿ ಎಷ್ಟು ಗಂಭೀರವಾಗಿ ಮಾರ್ದನಿಸಿತೆಂದರೆ, ಬಾಯ್ಲರಿನವನು ಪೈಪುಗಳನ್ನು ದಾನ ಮಾಡಿದನಂತೆ. ನಾನು ಕಣ್ಣಾರೆ ಕಂಡಿಲ್ಲ, ಅದಕ್ಕೆ 'ಅಂತೆ' ಅಂದಿದ್ದೇನೆ.

ನಾನೊಮ್ಮೆ ಗೋಡೆಯ ಬಳಿ ಬಾಗಿ, "ಹೋರೇಸ್, ಹಲ್ಲು ಕೀಳಿಸಿಬಿಡೋ" ಎಂದೆ.

"ಕೀಳಿಸಿದ್ರೆ ನಾನ್ಯಾರು ಆರ್ನಲ್ಡ್?" ಎಂಬ ಉತ್ತರ ಬಂತು.

ಇಷ್ಟೆಲ್ಲದರ ನಡುವೆ ಅವನ ಸ್ವಂತ ಕಿಟಕಿ ಹಾಗೇ ಇತ್ತು. ಒಂಬೈನೂರಕ್ಕೆ ಒಪ್ಪೋಣವೆಂದು ಹೋರೇಸ್ ಅಂದಾಗ ಎಡ್ನಾ, "ಹುಚ್ಚಾ ನಿನಗೆ? ಇನ್ನೆರಡು ಸಲ ಎಳೆದ್ರೆ ಅವರೇ ನಮಗೆ ಕೊಟ್ಟು ಹೋಗ್ತಾರೆ" ಅಂದಿದ್ದಳು. ಆದರೆ ಮಾರಾಟಗಾರರಿಗೂ ಅವರದೇ ಆದ ಹೋಟೆಲು, ಅವರದೇ ಆದ ಹರಟೆ ಇರುತ್ತದಲ್ಲ. ಹೇಮಂತ ಬರುವ ಹೊತ್ತಿಗೆ ಎಡ್ನಾ ಯಾವ ಕಂಪನಿಗೆ ಫೋನ್ ಮಾಡಿದರೂ ಒಂದೇ ಕಥೆ. "ಗ್ರಿಮ್‌ಶಾ? ಆ ಗ್ರಿಮ್‌ಶಾ? ಕ್ಷಮಿಸಿ ಮೇಡಂ, ನಮ್ಮಲ್ಲಿ ಕಿಟಕಿ ಖಾಲಿಯಾಗಿದೆ." ಒಂದು ಕಂಪನಿಯವನು, ಪಾಪ, ತಾವು ಈಗ ಬರೀ ಗೋಡೆ ಮಾರುತ್ತೇವೆ ಅಂದನಂತೆ.

ಡಿಸೆಂಬರ್ ಬಂತು. ಎಡ್ನಾಳ ಹೊಸ ದೃಷ್ಟಿ ಹಳೆಯದಾಗತೊಡಗಿತು. "ಊರಿನವರ ಬಾಗಿಲೆಲ್ಲ ಹೊಸದಾಯ್ತು. ವಿನ್ನಿ ಕೋಟು?" ಎಂದು ದಿನಾ ಕೇಳುತ್ತಿದ್ದಳು.

ಕೊನೆಗೆ ಬರಲೊಪ್ಪಿದವನು ಒಬ್ಬನೇ: ಸೈಲಸ್ ಹೋಲ್ರಾಯ್ಡ್. ಮುದಿ ಬಡಗಿ, ಕಿವಿಯ ಹಿಂದೆ ಪೆನ್ಸಿಲ್, ಯಾವ ಕಂಪನಿಗೂ ಸೇರದವನು. ಅವನ ಉಸಿರು ಈ ಜಿಲ್ಲೆಯಲ್ಲೇ ಹೆಸರುವಾಸಿ. ಅವನು ಒಮ್ಮೆ ಎಳೆದದ್ದಕ್ಕೆ ಒಬ್ಬ ಬ್ಯಾಂಕ್ ಮ್ಯಾನೇಜರ್ ಮನೆಯನ್ನೇ ಮಾರಿ ಹೋದನೆಂದು ಪ್ರತೀತಿ. ಹೋಲ್ರಾಯ್ಡ್ ಬರುತ್ತಾನೆಂಬ ಸುದ್ದಿ ಹಬ್ಬಿ, ಶನಿವಾರ ಬೆಳಿಗ್ಗೆ ಬೀದಿಯ ಅರ್ಧ ಜನ ಗ್ರಿಮ್‌ಶಾ ಕಿಟಕಿಯ ಹೊರಗೆ, ಸುಮ್ಮನೆ ಆ ದಾರಿಯಲ್ಲಿ ಹೋಗುತ್ತಿದ್ದವರ ಹಾಗೆ, ಅಲ್ಲಾಡದೆ ನಿಂತಿದ್ದರು. ಮಿಸೆಸ್ ಕ್ಲೆಗ್ ಮಡಿಸುವ ಕುರ್ಚಿ ತಂದಿದ್ದರು.

ಹೋಲ್ರಾಯ್ಡ್ ಟೀ ಮುಗಿಸಿ, ಕಿಟಕಿಯ ಮುಂದೆ ನಿಂತು, ಟೋಪಿ ಹಿಂದಕ್ಕೆ ಸರಿಸಿದ.

"ಸ್ಸ್ಸ್ಸ್. ಯಾರು ಮಾಡಿದ್ದಪ್ಪಾ ಇದನ್ನ?"

"ನಮ್ಮ ತಾತ" ಅಂದಳು ಎಡ್ನಾ.

"ಅವರಿಗೆ ಕಣ್ಣು ಕಾಣಿಸ್ತಿತ್ತಾ? ಸಾವಿರದ ಆರುನೂರು."

ಹೋರೇಸ್ ಪೆಪ್ಪರ್‌ಮಿಂಟನ್ನು ಬಲಕ್ಕೆ ಸರಿಸಿದ. "ಸ್ಸ್ಸ್ಸ್."

ಮುದುಕ ಮೆಲ್ಲಗೆ ತಿರುಗಿದ. "ಓ, ನೀವೇನಾ ಅವರು? ಸಾವಿರದ ಐನೂರು." ಚೌಕಟ್ಟಿಗೆ ಪೆನ್ಸಿಲ್ ಚುಚ್ಚಿದ. ಪೆನ್ಸಿಲ್ ಪೂರ್ತಿ ಒಳಗೆ ಹೋಯಿತು. "ಸ್ಸ್ಸ್ಸ್ಸ್ಸ್. ಸಾವಿರದ ಏಳುನೂರು."

"ಸ್ಸ್ಸ್ಸ್ಸ್ಸ್!"

"ಸಾವಿರದ ಐನೂರು. ಮೇಲಿನ ಚಾವಣಿ ಈ ಮರದ ಮೇಲೆ ನಿಂತಿದೆಯೋ ಅಥವಾ ದೇವರ ದಯೆ ಮೇಲೋ? ಸ್ಸ್ಸ್ಸ್ಸ್ಸ್ಸ್ಸ್. ಸಾವಿರದ ಒಂಬೈನೂರು!"

ಹೊರಗಿನ ಜನರ ತಲೆಗಳು ಟೆನಿಸ್ ನೋಡುವವರಂತೆ ಅತ್ತಿತ್ತ ತಿರುಗುತ್ತಿದ್ದವು. ಕೋಣೆಯೊಳಗಿನ ಗಾಳಿಯೆಲ್ಲ ಈ ಇಬ್ಬರೇ ಎಳೆದುಕೊಂಡದ್ದರಿಂದ ನನಗೆ ಸ್ವಲ್ಪ ತಲೆ ಸುತ್ತಿತು. ಎಡ್ನಾ ಕರ್ನಲ್‌ನ ಕುತ್ತಿಗೆ ಹಿಸುಕುತ್ತ ನಿಂತಿದ್ದಳು. ಆಗ ಹೋರೇಸ್ ಜೇಬಿಗೆ ಕೈಹಾಕಿ, ಪೊಟ್ಟಣದಲ್ಲಿ ಉಳಿದಿದ್ದಷ್ಟನ್ನೂ ಬಾಯಿಗೆ ಸುರಿದುಕೊಂಡು, ಎದೆ ಉಬ್ಬಿಸಿ, ಎಳೆದ.

ಉಸಿರಿನ ಜೊತೆಗೆ ಪೆಪ್ಪರ್‌ಮಿಂಟೂ ಹೋಯಿತು. ಹೋರೇಸ್ ಕೆಂಪಾದ, ನೇರಳೆಯಾದ, ಮಾರಾಟಕ್ಕಿಟ್ಟ ಪರದೆ ಬಟ್ಟೆಯ ಎಲ್ಲ ಬಣ್ಣವೂ ಆದ. ಹೋಲ್ರಾಯ್ಡ್ ಒಂದೇ ಹೆಜ್ಜೆಗೆ ಬಂದು, ಅವನ ಬೆನ್ನಿಗೆ ಅಂಗೈಯಿಂದ ಒಂದು ಕೊಟ್ಟ. ಬಾಯಿಯಿಂದ ಪೆಪ್ಪರ್‌ಮಿಂಟ್ ಹಾರಿತು. ಅದರ ಹಿಂದೆಯೇ ಹಲ್ಲು ಹಾರಿ, ನಡುವಿನ ಗಾಜಿಗೆ 'ಟಿಕ್' ಎಂದು ತಾಗಿತು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ, ಹಳೆಯ ಬಣ್ಣ, ಹಳೆಯ ಸುದ್ದಿ ಮತ್ತು ಹಳೆಯ ಅಭ್ಯಾಸದಿಂದಷ್ಟೇ ನಿಂತಿದ್ದ ಆ ಚೌಕಟ್ಟು ನಿಟ್ಟುಸಿರಿಟ್ಟು, ಬೀದಿಗೆ ನಮಸ್ಕಾರ ಮಾಡುವಂತೆ ಹೊರಕ್ಕೆ ಬಾಗಿತು. ಜನ ಇಬ್ಭಾಗವಾದರು. ಮಿಸೆಸ್ ಕ್ಲೆಗ್ ಕುರ್ಚಿಯ ಸಮೇತ ಹಾರಿದರು. ಕಿಟಕಿ ಹೂವಿನ ಗಿಡಗಳ ಮೇಲೆ ಅಂಗಾತ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ನಾವು ಒಳಗಿನವರೂ ಹೊರಗಿನವರೂ ಒಬ್ಬರ ಮುಖ ಒಬ್ಬರು ನೋಡುತ್ತ "ಗುಡ್ ಮಾರ್ನಿಂಗ್" ಎಂದುಕೊಂಡೆವು.

"ಸಾವಿರದ ಆರುನೂರು" ಅಂದ ಹೋಲ್ರಾಯ್ಡ್, ಚಾವಣಿಗೆ ಕೈ ಆನಿಸಿ ನೋಡಿಕೊಂಡು. "ಕಿತ್ತುಹಾಕೋ ಖರ್ಚು ಇಲ್ಲ. ಅದನ್ನ ನೀವೇ ಮಾಡ್ಕೊಂಡ್ರಿ."

ಬೀದಿಯೆಲ್ಲ ಹೋರೇಸನ ಕಡೆ ನೋಡಿತು. ಹೋರೇಸ್ ಎಳೆದ. ನೋವಿಲ್ಲದ, ಹಲ್ಲಿಲ್ಲದ ಆ ಸಂದಿಯಿಂದ ಮಗುವಿನ ಕೊಳಲಿನಂತಹ ಒಂದು ಸಣ್ಣ ಸ್ವರ ಬಂತು. ಹೋಲ್ರಾಯ್ಡ್ ಕನಿಕರದಿಂದ ಟೋಪಿ ತೆಗೆದ.

"ಸರಿ" ಅಂದಳು ಎಡ್ನಾ.

"ಏನಂದ್ರಿ?"

"ಸರಿ ಅಂದೆ. ಮಾಡಿ."

ಮುದುಕ ಕೂತುಬಿಟ್ಟ. ಬೆಲೆ ಹೇಳಿದ ಕೂಡಲೇ ಸರಿ ಎಂದವರನ್ನು ಅವನು ಜೀವಮಾನದಲ್ಲಿ ಕಂಡಿರಲಿಲ್ಲ. ಕಡಿಮೆ ಹೇಳಿಬಿಟ್ಟೆನೋ ಏನೋ ಎಂಬ ಸಂಕಟದಲ್ಲಿ, ಹೋಗುವಾಗ ಗೇಟಿನ ಹತ್ತಿರ ನಿಂತು ಮನೆಯನ್ನು ಮತ್ತೆ ಮತ್ತೆ ನೋಡಿದ. ಹೊಸ ಕಿಟಕಿ ಫೆಬ್ರವರಿಗೆ ಎಂದ. ಅಲ್ಲಿಯವರೆಗೆ ಆ ತೂತಿಗೆ ಹಲಗೆ ಹೊಡೆದು ಹೋದ.

ಕ್ರಿಸ್‌ಮಸ್ ದಿನ ನನ್ನನ್ನೂ ಟೀಗೆ ಕರೆದಿದ್ದರು. ಹಲಗೆ ಹೊಡೆದ ಕೋಣೆ ಹಡಗಿನ ಹೊಟ್ಟೆಯಂತಿತ್ತು. ಎದುರುಮನೆಯಿಂದ ಏನೂ ಕಾಣದ್ದರಿಂದ ಮಿಸೆಸ್ ಕ್ಲೆಗ್ ಸಕ್ಕರೆ ಕೇಳುವ ನೆಪದಲ್ಲಿ ಬಂದು ಕೂತಿದ್ದರು. ವಿನಿಫ್ರೆಡ್ ಬಂದಳು. ಹಿಂದೆ ಅವಳ ಗಂಡ ಸಿರಿಲ್, ಮಾತಾಡದ ಮನುಷ್ಯ.

"ಏನೇ ಇದು ಕತ್ತಲೆ? ಯಾರಾದ್ರೂ ತೀರ್ಕೊಂಡ್ರಾ?" ಎನ್ನುತ್ತ ವಿನಿಫ್ರೆಡ್ ಕೂತಳು. ಕೋಟಿನ ಕೊರಳನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು.

ಎಡ್ನಾ ಮಿನ್ಸ್ ಪೈ ಹಂಚಿದಳು. ಹೋರೇಸ್ ಹಲಗೆಗೆ ಬೆನ್ನು ಕೊಟ್ಟು, ಶೆರಿ ವೈನಿನ ಗ್ಲಾಸು ಹಿಡಿದು, ಪಾರ್ಸೆಲ್ಲಿನ ಹಾಗೆ ಕೂತಿದ್ದ.

"ಕೋಟು ಚೆನ್ನಾಗಿದೆ" ಅಂದರು ಮಿಸೆಸ್ ಕ್ಲೆಗ್.

"ಇರಬೇಕಲ್ಲ" ಅಂದಳು ವಿನಿಫ್ರೆಡ್. "ಮ್ಯಾಂಚೆಸ್ಟರಿನದು. ರಿಯಾಯಿತಿಯಲ್ಲಿ ತಗೊಂಡಿದ್ದಲ್ಲ. ಪೂರ್ತಿ ಮುನ್ನೂರು ಪೌಂಡ್ ಕೊಟ್ಟು ತಗೊಂಡಿದ್ದು."

"ಸ್ಸ್ಸ್ಸ್" ಅಂದ ಹೋರೇಸ್.

ಸಿರಿಲ್ ತಲೆ ಎತ್ತಿದ. ಗುಡ್ಡದ ಮೇಲಿನ ಬಡಾವಣೆಗೂ ಹೋರೇಸನ ಕೀರ್ತಿ ತಲುಪಿತ್ತೆಂಬುದು ವಿನಿಫ್ರೆಡ್‌ಳ ಮುಖದಲ್ಲೇ ಕಂಡಿತು.

"ಏನು?" ಅಂದಳು.

"ಏನಿಲ್ಲ" ಅಂದ ಹೋರೇಸ್.

"ಅಲ್ಲ, ಹೇಳು. ಜಾಸ್ತಿ ಆಯ್ತಾ?"

"ಚೆನ್ನಾಗಿದೆ, ವಿನ್ನಿ. ತುಂಬಾ ಚೆನ್ನಾಗಿದೆ."

"ಅವರು ಎಳೆದ್ರು ಅಂದ್ರೆ ಅರ್ಧಕ್ಕೆ ಬರಬೇಕಿತ್ತು" ಅಂದರು ಮಿಸೆಸ್ ಕ್ಲೆಗ್, ಶಾಸ್ತ್ರ ಬಲ್ಲವರ ದನಿಯಲ್ಲಿ. "ನನ್ನ ಹಿಂಬಾಗಿಲಿಗೂ ಇಷ್ಟೇ ಉದ್ದ ಎಳೆದಿದ್ರು."

"ನಾನು ಆಗಲೇ ಹೇಳಿದ್ದೆ" ಅಂದ ಸಿರಿಲ್. ಅವನ ದನಿ ನಾನು ಕೇಳಿದ್ದು ಆವತ್ತೇ.

ವಿನಿಫ್ರೆಡ್ ಮೊದಲ ಗುಂಡಿ ಬಿಚ್ಚಿದಳು. ಆಮೇಲೆ ಎರಡನೆಯದು. ಎಲ್ಲರೂ ಅವಳ ಕೋಟನ್ನೇ ನೋಡುತ್ತಿದ್ದರು, ಅದನ್ನು ಅವಳಿಗೆ ತಡೆಯಲಾಗಲಿಲ್ಲ. ಕೋಟು ಕಳಚಿ, ಒಳಮಗ್ಗುಲು ಹೊರಗೆ ಬರುವಂತೆ ಮಡಿಸಿ, ಸೋಫಾದ ಹಿಂದೆ ತುರುಕಿದಳು. "ಸೆಖೆ" ಅಂದಳು. ಅವಳ ತೋಳಿನ ಮೇಲೆ ರೋಮ ಎದ್ದು ನಿಂತಿತ್ತು.

ಎಡ್ನಾ ಆ ಕೋಟನ್ನು ಎತ್ತಿಕೊಂಡು, ಮಗುವನ್ನು ಎತ್ತಿಕೊಂಡ ಹಾಗೆ ನಡುಮನೆಗೆ ಒಯ್ದು, ಮೊಳೆಗೆ ನೇತುಹಾಕಿ ಬಂದಳು. ಬಂದವಳು ಎಲ್ಲಕ್ಕಿಂತ ದೊಡ್ಡ ಮಿನ್ಸ್ ಪೈ ಆರಿಸಿ ಗಂಡನ ತಟ್ಟೆಗೆ ಹಾಕಿದಳು. ಆವತ್ತು ರಾತ್ರಿ ತಟ್ಟೆ ತೊಳೆಯುವ ಸದ್ದು ಗೋಡೆಯಾಚೆ ಬಹಳ ಹೊತ್ತು ಕೇಳಿಸಿತು. ಹಾಡೂ ಕೇಳಿಸಿತು.

ಫೆಬ್ರವರಿಯಲ್ಲಿ ಹೊಸ ಕಿಟಕಿ ಬಂತು. ಚೆನ್ನಾಗಿದೆ. ಕರ್ನಲ್‌ನ ಕಿವಿ ಈಗ ಅಲ್ಲಾಡುವುದಿಲ್ಲ. ಸಾವಿರದ ಆರುನೂರು ಹೆಚ್ಚಾಯಿತೋ ಕಡಿಮೆಯಾಯಿತೋ ಬೀದಿಯಲ್ಲಿ ಇನ್ನೂ ತೀರ್ಮಾನವಾಗಿಲ್ಲ, ನನಗಂತೂ ತಿಳಿಯದು. ಆದರೆ ನನ್ನನ್ನು ಕಾಡುವುದು ಅದಲ್ಲ. ಹಲ್ಲು ಹೋಗಿತ್ತು. ನೋವು ಹೋಗಿತ್ತು. ಕ್ರಿಸ್‌ಮಸ್ ದಿನದ ಆ ಉಸಿರು ಕೊಳಲಿನ ಹಾಗೆ ಬರಬೇಕಿತ್ತು, ಬರಲಿಲ್ಲ. ಹಲಗೆಯ ಗಂಟಿನ ತೂತಿನಿಂದ ಗಾಳಿ ಅವನ ಕತ್ತಿಗೆ ಬಡಿಯಿತೋ, ಶೆರಿ ತಪ್ಪು ದಾರಿಗೆ ಹೋಯಿತೋ, ಇಲ್ಲ ಯಾರಿಗೂ ಇಲ್ಲವೆನ್ನದ ಹೋರೇಸ್ ಗ್ರಿಮ್‌ಶಾ ಜೀವನದಲ್ಲಿ ಒಂದೇ ಒಂದು ಸಲ ಬೇಕೆಂದೇ ಎಳೆದನೋ?

ಒಮ್ಮೆ ಧೈರ್ಯ ಮಾಡಿ ಗೋಡೆಯ ಮೂಲಕ ಕೇಳಿದೆ.

"ಯಾವ ಉಸಿರು, ಆರ್ನಲ್ಡ್?" ಅಂದ.

ಕಿವಿಯನ್ನು ಗೋಡೆಗೆ ಒತ್ತಿಕೊಂಡು ಬಹಳ ಹೊತ್ತು ಕಾದೆ. ನಕ್ಕನೋ ಇಲ್ಲವೋ ಕೇಳಿಸಲಿಲ್ಲ. ನನಗೆ ಗೊತ್ತಿಲ್ಲ.